ಲಿನಕ್ಸ್‌ನಲ್ಲಿ ಗ್ರಾಫ್ ಡೇಟಾಬೇಸ್: ಮನೆಯಲ್ಲೇ ಏನಿದೆ, ಹೊರಗಿನಿಂದ ಏನು ತರಬೇಕು

ಪ್ರಾಜೆಕ್ಟ್ ಕೆಲಸ ಶುರುವಾಗುವ ತಿಂಗಳು ಬಂದಿತೆಂದರೆ ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ನನಗೆ ಒಂದೇ ಪ್ರಶ್ನೆ ಬರತೊಡಗುತ್ತದೆ. ಚಿತ್ರದುರ್ಗದ ಒಂದಿಬ್ಬರು ಅಧ್ಯಾಪಕರೂ ಅದನ್ನೇ ಕೇಳಿದ್ದಾರೆ. “ಉಬುಂಟುವಿನಲ್ಲಿ ನಿಯೋ4ಜೆ ಇನ್‌ಸ್ಟಾಲ್ ಮಾಡಲು ಹೋದರೆ ಅಂಥ ಪ್ಯಾಕೇಜೇ ಇಲ್ಲ ಎನ್ನುತ್ತದೆ. ನಾನೇನು ತಪ್ಪು ಮಾಡಿದೆ?” ತಪ್ಪು ನಿಮ್ಮದಲ್ಲ. ನಿಯೋ4ಜೆ ಎಂಬುದು ಹೆಸರುವಾಸಿಯಾದ ಒಂದು ಗ್ರಾಫ್ ಡೇಟಾಬೇಸ್. ಆ ಪ್ಯಾಕೇಜ್ ಉಬುಂಟುವಿನ ಭಂಡಾರದಲ್ಲಿ ಇಲ್ಲ, ಡೆಬಿಯನ್‌ನಲ್ಲಿ ಇಲ್ಲ, ಫೆಡೋರಾದಲ್ಲೂ ಇಲ್ಲ. ಏಕೆ ಇಲ್ಲ, ಅದಿಲ್ಲದೆ ಕೆಲಸ ಹೇಗೆ ಸಾಗುತ್ತದೆ, ಅದೇ ಬೇಕೆಂದರೆ ಎಲ್ಲಿಂದ ತರಬೇಕು ಎಂಬುದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಆದೇಶಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಮೊದಲು ಎರಡು ಮಾತು ಪದಗಳ ಬಗ್ಗೆ. ಸಹಕಾರ ಸಂಘದ ಸಾಲದ ಪುಸ್ತಕವನ್ನು ನೆನಪಿಸಿಕೊಳ್ಳಿ. ಬಸಣ್ಣನ ಸಾಲಕ್ಕೆ ತಿಪ್ಪೇಸ್ವಾಮಿ ಜಾಮೀನು, ತಿಪ್ಪೇಸ್ವಾಮಿಯ ಸಾಲಕ್ಕೆ ಹನುಮಂತಪ್ಪ ಜಾಮೀನು, ಹನುಮಂತಪ್ಪನ ಸಾಲಕ್ಕೆ ತಿರುಗಿ ಬಸಣ್ಣನೇ ಜಾಮೀನು. ಪುಸ್ತಕದಲ್ಲಿ ಇವು ಮೂರು ಬೇರೆ ಬೇರೆ ಸಾಲುಗಳು. ಕಾಗದದ ಮೇಲೆ ಮೂವರ ಹೆಸರು ಬರೆದು ಗೆರೆ ಎಳೆದರೆ ಮಾತ್ರ ಅದೊಂದು ಸುತ್ತು ಎಂದು ಕಣ್ಣಿಗೆ ಬೀಳುತ್ತದೆ. ಹೆಸರು ಬರೆದ ಚುಕ್ಕಿಗೆ ನೋಡ್ ಎನ್ನುತ್ತಾರೆ, ಎಳೆದ ಗೆರೆಗೆ ಎಡ್ಜ್ ಎನ್ನುತ್ತಾರೆ. ಗೆರೆಗಳನ್ನೇ ಮುಖ್ಯ ದತ್ತಾಂಶವೆಂದು ಭಾವಿಸಿ, ಅವುಗಳ ಜಾಡು ಹಿಡಿದು ಹೋಗುವ ಪ್ರಶ್ನೆಗಳಿಗೆ ಉತ್ತರ ಕೊಡುವುದು ಗ್ರಾಫ್ ಡೇಟಾಬೇಸ್‌ನ ಕೆಲಸ. ಉಬುಂಟು, ಡೆಬಿಯನ್, ಫೆಡೋರಾದಂಥ ಲಿನಕ್ಸ್‌ನ ಒಂದೊಂದು ಬಗೆಗೂ ಡಿಸ್ಟ್ರೋ ಎನ್ನುತ್ತಾರೆ. ಭಂಡಾರ ಎಂದರೆ ನಿಮ್ಮ ಡಿಸ್ಟ್ರೋ ತಾನೇ ಪರೀಕ್ಷಿಸಿ, ಸಹಿ ಹಾಕಿ ಇಟ್ಟಿರುವ ಪ್ಯಾಕೇಜ್‌ಗಳ ಸಂಗ್ರಹ.

1. ನಿಮಗೆ ಅದು ಬೇಕೇ ಎಂದು ಕೇಳಿಕೊಳ್ಳಿ

“ಯಾರ ಜಾಮೀನುದಾರ ಯಾರು” ಎಂಬುದು ಒಂದೇ ಹೆಜ್ಜೆಯ ಪ್ರಶ್ನೆ. ಅದಕ್ಕೆ ಸಾಮಾನ್ಯ ಟೇಬಲ್ ಸಾಕು. “ಜಾಮೀನುದಾರನ ಜಾಮೀನುದಾರನ ಜಾಮೀನುದಾರ ಯಾರು, ಎಲ್ಲಾದರೂ ಸುತ್ತು ಇದೆಯೇ” ಎಂದು ಎಷ್ಟು ಹೆಜ್ಜೆ ಎಂದು ಮೊದಲೇ ಹೇಳಲಾಗದ ಪ್ರಶ್ನೆ ಬಂದಾಗ ಗ್ರಾಫ್ ಬೇಕು. ಪ್ರಾಜೆಕ್ಟ್ ವರದಿಯಲ್ಲಿ ಹೆಸರು ಚೆನ್ನಾಗಿ ಕಾಣುತ್ತದೆ ಎಂಬುದಷ್ಟೇ ಕಾರಣವಾದರೆ ಇಲ್ಲಿಗೇ ನಿಲ್ಲಿಸಿ, ನಿಮ್ಮ ಸಮಯ ಉಳಿಯುತ್ತದೆ.

2. ಡಿಸ್ಟ್ರೋದ ಆವೃತ್ತಿ ನೋಡಿಕೊಳ್ಳಿ

ಇದನ್ನು ಬಿಟ್ಟವರೇ ಹೆಚ್ಚು ತೊಂದರೆ ಪಡುತ್ತಾರೆ. ‘ಎಲ್‌ಎಸ್‌ಬಿ ಅಂಡರ್‌ಸ್ಕೋರ್ ರಿಲೀಸ್’ ಆದೇಶಕ್ಕೆ ಅಡ್ಡಗೆರೆ ಎ ಸೇರಿಸಿ ಕೊಡಿ. ನಾಲ್ಕನೆಯ ಹಂತದಲ್ಲಿ ಬಳಸುವ ಪೋಸ್ಟ್‌ಗ್ರೆಸ್ ಎಂಬ ಟೇಬಲ್ ಡೇಟಾಬೇಸ್‌ನ ಆವೃತ್ತಿ ಅದರ ಮೇಲೆ ನಿಂತಿದೆ: ಉಬುಂಟು 22.04 ಆದರೆ ಪೋಸ್ಟ್‌ಗ್ರೆಸ್ 14, 24.04 ಆದರೆ 16, ಡೆಬಿಯನ್ 12 ಆದರೆ 15, ಡೆಬಿಯನ್ 13 ಆದರೆ 17. ಈ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಐದನೆಯ ಹಂತದಲ್ಲಿ ಬೇಕಾಗುತ್ತದೆ. ಜಾವಾ ಇದ್ದರೆ ಅದರ ಆವೃತ್ತಿಯನ್ನೂ ಬರೆದುಕೊಳ್ಳಿ. ಉಬುಂಟು 22.04ರಲ್ಲಿ ತಾನಾಗಿ ಬರುವುದು ಜಾವಾ 11. ನಿಯೋ4ಜೆಯ 5ನೇ ಸರಣಿಗೆ ಕನಿಷ್ಠ 17 ಬೇಕು, 2025ರಿಂದ ಬರುತ್ತಿರುವ ಸರಣಿಗೆ 21 ಬೇಕು.

3. ಭಂಡಾರದಲ್ಲಿ ಹುಡುಕಿ, ಆದರೆ ಹೆಸರು ನಂಬಬೇಡಿ

‘ಆಪ್ಟ್ ಸರ್ಚ್’ ಕೊಟ್ಟು ಹುಡುಕಿ. ಫೆಡೋರಾದವರಿಗೆ ‘ಡಿಎನ್‌ಎಫ್ ಸರ್ಚ್’. “ಗ್ರಾಫ್” ಎಂದು ಹುಡುಕಿದರೆ ಚಿತ್ರಪಟ ಬಿಡಿಸುವ ಸಾಧನಗಳೆಲ್ಲ ಬಂದು ರಾಶಿ ಬೀಳುತ್ತವೆ. ಗ್ರಾಫ್‌ವಿಜ್ ಚಿತ್ರ ಬಿಡಿಸುತ್ತದೆ, ಡೇಟಾಬೇಸ್ ಅಲ್ಲ. ಪೈಥಾನ್‌ನ ನೆಟ್‌ವರ್ಕ್‌ಎಕ್ಸ್ ಕೂಡ ಡೇಟಾಬೇಸ್ ಅಲ್ಲ. ಅದು ಇಡೀ ಗ್ರಾಫನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಲೆಕ್ಕ ಮಾಡುತ್ತದೆ, ನೀವಾಗಿ ಕಡತಕ್ಕೆ ಬರೆಯದಿದ್ದರೆ ಕಂಪ್ಯೂಟರ್ ಆರಿಸಿದಾಗ ಎಲ್ಲವೂ ಹೋಗುತ್ತದೆ. ಕೆಲವು ಸಾವಿರ ನೋಡ್‌ಗಳ ಪ್ರಾಜೆಕ್ಟಿಗೆ ಅದೇ ಧಾರಾಳವಾಗಿ ಸಾಕು ಎಂಬುದು ಬೇರೆ ಮಾತು.

ಇನ್ನೊಂದು ಹಳ್ಳಕ್ಕೆ ನಾನೇ ಬಿದ್ದಿದ್ದೇನೆ. ಪೋಸ್ಟ್‌ಗ್ರೆಸ್‌ಗೆ ಸೇರಿಸುವ ಅಪಾಚೆ ಏಜ್ ಎಂಬ ಗ್ರಾಫ್ ವಿಸ್ತರಣೆ ಬೇಕಾಗಿ ‘ಆಪ್ಟ್ ಇನ್‌ಸ್ಟಾಲ್ ಏಜ್’ ಎಂದೆ. ಸರಾಗವಾಗಿ ಇನ್‌ಸ್ಟಾಲ್ ಆಯಿತು. ಅರ್ಧ ಗಂಟೆ ತಡಕಾಡಿದ ಮೇಲೆ ಗೊತ್ತಾಯಿತು: ಆ ಹೆಸರಿನ ಪ್ಯಾಕೇಜ್ ಕಡತಗಳಿಗೆ ಗೂಢಲಿಪಿಯ ಬೀಗ ಹಾಕುವ ಬೇರೆಯೇ ಸಾಧನ. ಆದ್ದರಿಂದ ಇನ್‌ಸ್ಟಾಲ್ ಮಾಡುವ ಮೊದಲು ‘ಆಪ್ಟ್ ಶೋ’ ಕೊಟ್ಟು ವಿವರಣೆಯ ಎರಡು ಸಾಲು ಓದಿ.

ದೊಡ್ಡ ಹೆಸರುಗಳು ಭಂಡಾರದಲ್ಲಿ ಇಲ್ಲದಿರುವುದಕ್ಕೆ ಕಾರಣ ಎರಡು. ಒಂದು, ನಿಯೋ4ಜೆ, ಜಾನಸ್‌ಗ್ರಾಫ್, ಓರಿಯೆಂಟ್‌ಡಿಬಿ ಇವೆಲ್ಲ ಜಾವಾದಲ್ಲಿ ಬರೆದವು, ಒಂದೊಂದೂ ನೂರಾರು ಬೇರೆ ಲೈಬ್ರರಿಗಳ ಮೇಲೆ ನಿಂತಿದೆ. ಡೆಬಿಯನ್‌ನ ನಿಯಮದಂತೆ ಆ ಪ್ರತಿಯೊಂದು ಲೈಬ್ರರಿಯನ್ನೂ ಮೂಲ ಸಂಕೇತದಿಂದಲೇ ಕಟ್ಟಬೇಕು, ಕಟ್ಟುವಾಗ ಇಂಟರ್ನೆಟ್‌ನಿಂದ ಏನನ್ನೂ ಎಳೆದುಕೊಳ್ಳುವಂತಿಲ್ಲ. ಸ್ವಯಂಸೇವಕರು ಅಷ್ಟು ಭಾರ ಹೊರುವುದು ಕಷ್ಟ. ಎರಡನೆಯದು ಪರವಾನಗಿ. ಅದನ್ನು ಆರನೆಯ ಹಂತದಲ್ಲಿ ಬಿಡಿಸಿ ಹೇಳುತ್ತೇನೆ.

4. ಮನೆಯಲ್ಲಿರುವುದರಿಂದಲೇ ಶುರು ಮಾಡಿ: ಪೋಸ್ಟ್‌ಗ್ರೆಸ್

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಇದು. ಪೋಸ್ಟ್‌ಗ್ರೆಸ್‌ನಲ್ಲಿ 2009ರ 8.4 ಆವೃತ್ತಿಯಿಂದಲೇ ‘ವಿತ್ ರಿಕರ್ಸಿವ್’ ಎಂಬ ಸೌಲಭ್ಯವಿದೆ. ಒಂದು ಪ್ರಶ್ನೆಯ ಉತ್ತರವನ್ನೇ ಮುಂದಿನ ಸುತ್ತಿಗೆ ಪ್ರಶ್ನೆಯಾಗಿ ಒಡ್ಡುತ್ತ ಹೋಗುವ ವಿಧಾನ ಅದು. ಗೆರೆಯ ಜಾಡು ಹಿಡಿಯಲು ಬೇಕಿರುವುದೂ ಇಷ್ಟೇ. ನನಗೆ ಬರುವ ಹತ್ತು ಪ್ರಶ್ನೆಗಳಲ್ಲಿ ಏಳೆಂಟು ಇಲ್ಲಿಯೇ ಬಗೆಹರಿಯುತ್ತವೆ.

‘ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್‌ಕ್ಯೂಎಲ್’ ಎಂದರೆ ಡೆಬಿಯನ್ ಮತ್ತು ಉಬುಂಟುಗಳಲ್ಲಿ ಸರ್ವರ್ ತಾನಾಗಿಯೇ ಸಿದ್ಧವಾಗಿ ಓಡತೊಡಗುತ್ತದೆ. ಫೆಡೋರಾದಲ್ಲಿ ಹಾಗಲ್ಲ. ಸರ್ವರ್ ಪ್ಯಾಕೇಜ್ ಹಾಕಿದ ಮೇಲೆ ‘ಪೋಸ್ಟ್‌ಗ್ರೆಸ್‌ಕ್ಯೂಎಲ್-ಸೆಟಪ್’ ಆದೇಶಕ್ಕೆ ‘ಇನಿಟ್‌ಡಿಬಿ’ ಆಯ್ಕೆ ಕೊಟ್ಟು ದತ್ತಾಂಶದ ಕೋಣೆಯನ್ನು ಒಮ್ಮೆ ತೆರೆಯಬೇಕು. ಅದನ್ನು ಮರೆತರೆ ಸರ್ವರ್ ಏಳುವುದೇ ಇಲ್ಲ.

ಪರೀಕ್ಷೆಗೆ ಉತ್ತರ ನಿಮಗೆ ಮೊದಲೇ ಗೊತ್ತಿರುವ ದತ್ತಾಂಶವನ್ನೇ ಆರಿಸಿಕೊಳ್ಳಿ. ಇಂಟರ್ನೆಟ್‌ನಿಂದ ಯಾವುದೋ ಹಾಲಿವುಡ್ ನಟರ ಪಟ್ಟಿ ಇಳಿಸಿದರೆ ಉತ್ತರ ಸರಿಯೋ ತಪ್ಪೋ ಎಂದು ನೀವು ಹೇಗೆ ಹೇಳುತ್ತೀರಿ? ನಾನು ನಮ್ಮ ಎರಡು ಜಿಲ್ಲೆಗಳ ರಸ್ತೆಗಳನ್ನೇ ಬಳಸುತ್ತೇನೆ. ‘ರಸ್ತೆ’ ಎಂಬ ಟೇಬಲ್, ಅದರಲ್ಲಿ ‘ಇಂದ’ ಮತ್ತು ‘ಗೆ’ ಎಂಬ ಎರಡು ಕಂಬಗಳು (ಕಾಲಮ್‌ಗಳು). ಟೇಬಲ್‌ನ ಹೆಸರನ್ನೂ ಕಂಬದ ಹೆಸರನ್ನೂ ಕನ್ನಡ ಲಿಪಿಯಲ್ಲೇ ಇಡಬಹುದು, ಪೋಸ್ಟ್‌ಗ್ರೆಸ್ ತಕರಾರು ಮಾಡುವುದಿಲ್ಲ. ಈ ಸಾಲುಗಳನ್ನು ತುಂಬಿ: ಹರಿಹರ–ದಾವಣಗೆರೆ, ದಾವಣಗೆರೆ–ಚಿತ್ರದುರ್ಗ, ದಾವಣಗೆರೆ–ಜಗಳೂರು, ಜಗಳೂರು–ಚಿತ್ರದುರ್ಗ, ಚಿತ್ರದುರ್ಗ–ಹಿರಿಯೂರು, ಚಿತ್ರದುರ್ಗ–ಚಳ್ಳಕೆರೆ, ಚಳ್ಳಕೆರೆ–ಹಿರಿಯೂರು, ಚಿತ್ರದುರ್ಗ–ಹೊಳಲ್ಕೆರೆ, ಹೊಳಲ್ಕೆರೆ–ಹೊಸದುರ್ಗ, ದಾವಣಗೆರೆ–ಚನ್ನಗಿರಿ, ಹರಿಹರ–ಹೊನ್ನಾಳಿ. ಹನ್ನೊಂದು ಗೆರೆ, ಹತ್ತು ಊರು. ಹರಿಹರದಿಂದ ಹಿರಿಯೂರಿಗೆ ಕನಿಷ್ಠ ಎಷ್ಟು ಹೆಜ್ಜೆ? ಬಸ್ಸಿನಲ್ಲಿ ಓಡಾಡಿದವರು ಕಣ್ಣು ಮುಚ್ಚಿ ಮೂರು ಎನ್ನುತ್ತಾರೆ. ನಿಮ್ಮ ಡೇಟಾಬೇಸ್ ಬೇರೆ ಏನಾದರೂ ಹೇಳಿದರೆ ತಪ್ಪು ನಿಮ್ಮ ಪ್ರಶ್ನೆಯಲ್ಲಿದೆ.

ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದಾವಣಗೆರೆ, ಜಗಳೂರು, ಚಿತ್ರದುರ್ಗ ಸೇರಿ ಒಂದು ತ್ರಿಕೋನವಾಗುತ್ತದೆ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಇನ್ನೊಂದು. ರಸ್ತೆಗಳನ್ನು ಎರಡೂ ದಿಕ್ಕಿನಲ್ಲಿ ತುಂಬಿ (ಅದರ ಮಾತು ಮುಂದೆ ಬರುತ್ತದೆ) ತಡೆ ಹಾಕದಿದ್ದರೆ ನಿಮ್ಮ ಪ್ರಶ್ನೆ ಈ ತ್ರಿಕೋನಗಳಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಸುತ್ತಿನಿಂದ ಸುತ್ತಿಗೆ ಉತ್ತರಗಳನ್ನು ಕೂಡಿಸುವಾಗ ‘ಯೂನಿಯನ್ ಆಲ್’ ಬದಲು ‘ಯೂನಿಯನ್’ ಬರೆದರೆ ಸಾಕು, ಪುನರಾವರ್ತನೆಯಾದ ಸಾಲುಗಳು ಬಿದ್ದುಹೋಗುತ್ತವೆ ಎಂದು ಹಲವರು ನಂಬಿದ್ದಾರೆ. ಊರಿನ ಹೆಸರೊಂದನ್ನೇ ಹೊತ್ತು ಹೋಗುವಾಗ ಅದು ನಿಜ. ಹೆಜ್ಜೆಯ ಎಣಿಕೆಯನ್ನೂ ಜೊತೆಗೆ ಹೊತ್ತೊಯ್ದ ಕೂಡಲೇ “ಚಿತ್ರದುರ್ಗ, 2” ಮತ್ತು “ಚಿತ್ರದುರ್ಗ, 5” ಬೇರೆ ಬೇರೆ ಸಾಲುಗಳಾಗುತ್ತವೆ, ಸುತ್ತು ನಿಲ್ಲುವುದಿಲ್ಲ. ಪರಿಹಾರ ಎರಡು: ಹೆಜ್ಜೆಗೆ ಮಿತಿ ಹಾಕಿ, ಉದಾಹರಣೆಗೆ ಆರಕ್ಕಿಂತ ಕಡಿಮೆ ಎಂದು, ಇಲ್ಲವೇ 14ನೇ ಆವೃತ್ತಿಯಿಂದ ಬಂದಿರುವ ‘ಸೈಕಲ್’ ಎಂಬ ಉಪವಾಕ್ಯ ಬಳಸಿ. ಬಂದ ದಾರಿಯಲ್ಲೇ ತಿರುಗಿ ಬಂದಿದ್ದೇವೆಯೇ ಎಂದು ಅದೇ ನೋಡಿಕೊಳ್ಳುತ್ತದೆ. ನಾನು ಎರಡನ್ನೂ ಹಾಕುತ್ತೇನೆ.

ಇನ್ನೊಂದು ಸಂಗತಿ ದಿಕ್ಕಿನದು. ಟೇಬಲ್‌ಗೆ ರಸ್ತೆ ಹರಿಹರದಿಂದ ದಾವಣಗೆರೆಗೆ ಮಾತ್ರ ಇದೆ, ಹಿಂತಿರುಗುವ ದಾರಿ ಗೊತ್ತಿಲ್ಲ. ಎರಡೂ ದಿಕ್ಕಿನ ಸಾಲು ಹಾಕಿ, ಇಲ್ಲವೇ ಎರಡನ್ನೂ ಕೂಡಿಸುವ ಒಂದು ವ್ಯೂ ಮಾಡಿ. ವ್ಯೂ ಎಂದರೆ ಹೆಸರಿಟ್ಟು ಉಳಿಸಿದ ಪ್ರಶ್ನೆ. ಜಾಮೀನಿನ ಪುಸ್ತಕಕ್ಕೆ ಮಾತ್ರ ಹಾಗೆ ಮಾಡಬೇಡಿ, ಅಲ್ಲಿ ದಿಕ್ಕೇ ಜೀವಾಳ. ಎರಡೂ ಕಂಬಗಳಿಗೆ ಇಂಡೆಕ್ಸ್ ಹಾಕುವುದನ್ನು ಮರೆಯಬೇಡಿ. ಹನ್ನೊಂದು ಸಾಲಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಹನ್ನೊಂದು ಲಕ್ಷಕ್ಕೆ ಗೊತ್ತಾಗುತ್ತದೆ.

ಇನ್ನು ಕನ್ನಡದಲ್ಲಿ ದತ್ತಾಂಶ ತುಂಬುವ ನಮಗೇ ಇರುವ ತೊಡಕು. ಹೊಳಲ್ಕೆರೆ, ಹೊಸದುರ್ಗ, ಹೊನ್ನಾಳಿ ಮೂರೂ ‘ಹೊ’ ಅಕ್ಷರದಿಂದ ಶುರುವಾಗುತ್ತವೆ. ಯೂನಿಕೋಡ್‌ನಲ್ಲಿ ಆ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವದ ಮುಂದೆ ದೀರ್ಘ ಉಕಾರದ ಚಿಹ್ನೆ ಸೇರಿಸಿದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಡೇಟಾಬೇಸ್‌ಗೆ ಎರಡು ಬೇರೆ ಊರುಗಳು. ಒಬ್ಬರು ಮೊಬೈಲಿನಲ್ಲೂ ಇನ್ನೊಬ್ಬರು ಕಂಪ್ಯೂಟರಿನಲ್ಲೂ ಟೈಪ್ ಮಾಡಿದ ಪಟ್ಟಿಗಳನ್ನು ಸೇರಿಸಿದಾಗ ಗ್ರಾಫ್ ಅಲ್ಲಲ್ಲಿ ಹರಿದುಹೋಗಿರಬಹುದು. ಪದದ ನಡುವೆ ಕಣ್ಣಿಗೆ ಕಾಣದಂತೆ ಕುಳಿತಿರುವ ಜೋಡಣೆ ತಡೆಯುವ ಚಿಹ್ನೆಯೂ ಇದೇ ಕಿತಾಪತಿ ಮಾಡುತ್ತದೆ. ಸಂಕೇತಗಳನ್ನು ಏಕರೂಪಗೊಳಿಸುವ ‘ನಾರ್ಮಲೈಸ್’ ಎಂಬ ಕ್ರಿಯೆ ಪೋಸ್ಟ್‌ಗ್ರೆಸ್ 13ರಿಂದ ಇದೆ. ದತ್ತಾಂಶ ಒಳಗೆ ಹಾಕುವಾಗಲೇ ಅದರ ಮೂಲಕ ಹಾಯಿಸಿ. ಕಾಣದ ಚಿಹ್ನೆಯನ್ನು ಮಾತ್ರ ಅದು ತೆಗೆಯುವುದಿಲ್ಲ, ‘ರಿಪ್ಲೇಸ್’ ಬಳಸಿ ನೀವೇ ತೆಗೆಯಬೇಕು. ಇನ್ನೂ ಒಳ್ಳೆಯದೆಂದರೆ ಊರುಗಳಿಗೆ ಬೇರೆ ಟೇಬಲ್ ಮಾಡಿ, ಸಂಖ್ಯೆ ಕೊಟ್ಟು, ಗೆರೆಗಳಲ್ಲಿ ಆ ಸಂಖ್ಯೆಗಳನ್ನಷ್ಟೇ ಬಳಸುವುದು.

ರಸ್ತೆಯ ಉದ್ದವನ್ನೂ ಲೆಕ್ಕ ಹಿಡಿದು ಅತಿ ಹತ್ತಿರದ ದಾರಿ ಬೇಕಾದವರು ಇಷ್ಟೆಲ್ಲ ಬರೆಯುವುದೇ ಬೇಡ. ಪಿಜಿರೌಟಿಂಗ್ ಎಂಬ ವಿಸ್ತರಣೆ ಡೆಬಿಯನ್ ಭಂಡಾರದಲ್ಲೇ ಇದೆ, ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ವಿಧಾನ ಅದರಲ್ಲಿ ಸಿದ್ಧವಾಗಿದೆ.

5. ಸೈಫರ್ ಭಾಷೆಯೇ ಬೇಕೆಂದರೆ: ಅಪಾಚೆ ಏಜ್

ಸೈಫರ್ ಎಂಬುದು ನಿಯೋ4ಜೆಯಿಂದ ಹುಟ್ಟಿದ ಪ್ರಶ್ನಾಭಾಷೆ. ನೋಡ್‌ಗಳನ್ನು ದುಂಡು ಆವರಣದಲ್ಲೂ ಗೆರೆಗಳನ್ನು ಬಾಣದ ಗುರುತಿನಲ್ಲೂ ಬರೆಯುವುದರಿಂದ ಓದಲು ಚಿತ್ರದಂತಿರುತ್ತದೆ. ಗ್ರಾಫ್‌ಗಳಿಗೆಂದೇ 2024ರ ಏಪ್ರಿಲ್‌ನಲ್ಲಿ ಬಂದ ಜಿಕ್ಯೂಎಲ್ ಎಂಬ ಐಎಸ್‌ಒ ಮಾನದಂಡವೂ ಇದೇ ಜಾಡಿನದು, ಹಾಗಾಗಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಅಪಾಚೆ ಏಜ್ ಪೋಸ್ಟ್‌ಗ್ರೆಸ್‌ನ ಒಳಗೆ ಕುಳಿತು ಆ ಭಾಷೆಗೆ ಉತ್ತರ ಕೊಡುತ್ತದೆ. ಪರವಾನಗಿ ಅಪಾಚೆ 2.0, ಪೂರ್ತಿ ಮುಕ್ತ.

ಪ್ಯಾಕೇಜ್‌ನ ಹೆಸರು ಹೀಗಿರುತ್ತದೆ: ಪೋಸ್ಟ್‌ಗ್ರೆಸ್‌ಕ್ಯೂಎಲ್, ಅಡ್ಡಗೆರೆ, ನೀವು ಚೀಟಿಯಲ್ಲಿ ಬರೆದಿಟ್ಟ ಸಂಖ್ಯೆ, ಅಡ್ಡಗೆರೆ, ಏಜ್. ನಿಮ್ಮ ಭಂಡಾರದಲ್ಲಿ ಅದು ಕಾಣದಿದ್ದರೆ ಪೋಸ್ಟ್‌ಗ್ರೆಸ್ ಸಮುದಾಯವೇ ನಡೆಸುವ ಆಪ್ಟ್ ಭಂಡಾರವನ್ನು ಸೇರಿಸಿಕೊಳ್ಳಿ. ಭಂಡಾರದ ಸಹಿ ಪರಿಶೀಲಿಸುವ ಕೀಲಿಯನ್ನು ನಕಲು ಮಾಡುವ ಗೋಜು ಬೇಡ: ‘ಪೋಸ್ಟ್‌ಗ್ರೆಸ್‌ಕ್ಯೂಎಲ್-ಕಾಮನ್’ ಪ್ಯಾಕೇಜ್‌ನ ಪಿಜಿಡಿಜಿ ಎಂಬ ಕೋಶದಲ್ಲಿ (ಫೋಲ್ಡರ್) ಅದಕ್ಕೆಂದೇ ಒಂದು ಸಿದ್ಧ ಸ್ಕ್ರಿಪ್ಟ್ ಇದೆ, ಓಡಿಸಿದರೆ ಸಾಕು.

ನಂತರ ಡೇಟಾಬೇಸ್ ಒಳಗೆ ‘ಕ್ರಿಯೇಟ್ ಎಕ್ಸ್‌ಟೆನ್ಷನ್ ಏಜ್’ ಒಮ್ಮೆ ಕೊಡಿ. ‘ಲೋಡ್ ಏಜ್’ ಮತ್ತು ಹುಡುಕು ದಾರಿಗೆ ‘ಎಜಿ ಕ್ಯಾಟಲಾಗ್’ ಸೇರಿಸುವ ಆದೇಶಗಳನ್ನು ಪ್ರತಿ ಸಲ ಸಂಪರ್ಕಿಸಿದಾಗಲೂ ಕೊಡಬೇಕು. “ನಿನ್ನೆ ಓಡುತ್ತಿತ್ತು, ಇವತ್ತು ಸೈಫರ್ ಎಂಬ ಕ್ರಿಯೆಯೇ ಇಲ್ಲ ಎನ್ನುತ್ತಿದೆ” ಎಂದು ಬರುವ ಪ್ರಶ್ನೆಗಳಿಗೆಲ್ಲ ಉತ್ತರ ಇದೇ. ಸೈಫರ್ ವಾಕ್ಯದ ಕೊನೆಗೆ ಬರುವ ಕಂಬಗಳ ಹೆಸರನ್ನೂ ‘ಎಜಿಟೈಪ್’ ಎಂಬ ಅವುಗಳ ಬಗೆಯನ್ನೂ ನೀವೇ ಬರೆಯಬೇಕು. ಎರಡು ಸಂಗತಿ ಕೇಳಿ ಒಂದು ಕಂಬ ಬರೆದರೆ ಅದು ಒಪ್ಪುವುದಿಲ್ಲ.

ಡಿಸ್ಟ್ರೋವನ್ನು ಹೊಸ ಆವೃತ್ತಿಗೆ ಏರಿಸುವ ಮೊದಲು ಹೊಸ ಪೋಸ್ಟ್‌ಗ್ರೆಸ್‌ಗೆ ತಕ್ಕ ಏಜ್ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಹಳೆಯ ದತ್ತಾಂಶ ಹೊಸ ಸರ್ವರ್‌ಗೆ ಬರಲು ನಿರಾಕರಿಸುತ್ತದೆ.

6. ಹೊರಗಿನದನ್ನು ತರುವ ಮುನ್ನ ಪರವಾನಗಿ ಓದಿ

“ಮೂಲ ಸಂಕೇತ ಕಾಣುತ್ತದೆ” ಎಂಬುದೂ “ಮುಕ್ತ ತಂತ್ರಾಂಶ” ಎಂಬುದೂ ಒಂದೇ ಅಲ್ಲ. ನಿಯೋ4ಜೆಯ ಸಮುದಾಯ ಆವೃತ್ತಿ ಜಿಪಿಎಲ್ 3 ಪರವಾನಗಿಯದು, ಮುಕ್ತವೇ. ಎಂಟರ್‌ಪ್ರೈಸ್ ಆವೃತ್ತಿ ಅಲ್ಲ. ಟೈಟನ್ ಎಂಬ ಹಳೆಯ ಯೋಜನೆಯಿಂದ 2017ರಲ್ಲಿ ಕವಲೊಡೆದ ಜಾನಸ್‌ಗ್ರಾಫ್ ಅಪಾಚೆ 2.0, ಆದರೆ ಅದಕ್ಕೆ ಕೆಳಗೆ ಕಸ್ಸಾಂಡ್ರಾದಂಥ ಇನ್ನೊಂದು ಡೇಟಾಬೇಸ್ ಇರಬೇಕು. ಅಂತಿಮ ವರ್ಷದ ಪ್ರಾಜೆಕ್ಟಿಗೆ ಅದು ಗುಬ್ಬಿಗೆ ಬ್ರಹ್ಮಾಸ್ತ್ರ. ಅರಾಂಗೊಡಿಬಿ ಎಂಬ ಇನ್ನೊಂದು ಗ್ರಾಫ್ ಡೇಟಾಬೇಸ್ 3.12ರಿಂದ ಬಿಎಸ್‌ಎಲ್ ಪರವಾನಗಿಗೆ ಬದಲಾಗಿದೆ, ಮೆಮ್‌ಗ್ರಾಫ್ ಎಂಬುದರ ಪರವಾನಗಿಯೂ ಅದೇ. ಬಿಎಸ್‌ಎಲ್ ಎಂದರೆ ಸಂಕೇತ ಓದಬಹುದು, ಬಳಕೆಗೆ ಷರತ್ತುಗಳಿವೆ, ಗರಿಷ್ಠ ನಾಲ್ಕು ವರ್ಷಗಳ ಬಳಿಕ ಆ ಆವೃತ್ತಿ ಮುಕ್ತವಾಗುತ್ತದೆ. ರೆಡಿಸ್‌ಗ್ರಾಫ್ ಎಂಬ ಇನ್ನೊಂದು ಗ್ರಾಫ್ ಡೇಟಾಬೇಸ್ ನಿಲ್ಲುತ್ತದೆಂದು 2023ರಲ್ಲಿ ಘೋಷಣೆಯಾಯಿತು; ಅದರ ಕವಲಾದ ಫಾಲ್ಕರ್‌ಡಿಬಿ ಎಸ್‌ಎಸ್‌ಪಿಎಲ್ ಎಂಬ ಷರತ್ತಿನ ಪರವಾನಗಿಯ ಅಡಿಯಲ್ಲಿದೆ. ಮಾಂಗೊಡಿಬಿ ಎಂಬ ಡೇಟಾಬೇಸ್ ಇದೇ ಪರವಾನಗಿಗೆ ಬದಲಾದಾಗ ಡೆಬಿಯನ್, ಫೆಡೋರಾ ಎರಡೂ ಅದನ್ನು ಕೈಬಿಟ್ಟಿದ್ದವು. ಹಳೆಯ ವಿಡಿಯೊ ಪಾಠ ನೋಡಿ ಕುಜು ಎಂಬ ಪುಟ್ಟ ಡೇಟಾಬೇಸ್ ಹುಡುಕುವವರಿಗೆ ಒಂದು ಮಾತು: ಎಂಐಟಿ ಪರವಾನಗಿಯ ಆ ಯೋಜನೆಯ ಮೂಲ ಸಂಕೇತದ ಕೋಶವನ್ನು 2025ರ ಅಕ್ಟೋಬರ್‌ನಲ್ಲಿ ಮುಚ್ಚಿಟ್ಟಿದ್ದಾರೆ.

ಕಲಿಯಲು ಇವುಗಳಲ್ಲಿ ಯಾವುದಾದರೂ ಆದೀತು. ಕಾಲೇಜಿನ ಸರ್ವರ್‌ನಲ್ಲೋ ಅಂಗಡಿಯ ಲೆಕ್ಕದಲ್ಲೋ ವರ್ಷಗಟ್ಟಲೆ ಇಡುವುದಾದರೆ ನಾನು ಬಿಎಸ್‌ಎಲ್ ಮುಟ್ಟುವುದಿಲ್ಲ.

7. ನಿಯೋ4ಜೆಯನ್ನೇ ತರುವುದಾದರೆ

ಕಂಪನಿಯೇ ಡೆಬಿಯನ್ ಬಗೆಯ ಮತ್ತು ಫೆಡೋರಾ ಬಗೆಯ ಭಂಡಾರಗಳನ್ನು ನಡೆಸುತ್ತದೆ. ಮೊದಲು ಅದರ ಸಹಿಯ ಕೀಲಿಯನ್ನು ಇಳಿಸಿ ಆಪ್ಟ್‌ನ ‘ಕೀರಿಂಗ್ಸ್’ ಕೋಶದಲ್ಲಿಡಿ, ಭಂಡಾರದ ಸಾಲಿನಲ್ಲಿ ‘ಸೈನ್ಡ್-ಬೈ’ ಎಂದು ಆ ಕೀಲಿಯನ್ನು ಹೆಸರಿಸಿ. ಹಳೆಯ ಪಾಠಗಳಲ್ಲಿರುವ ‘ಆಪ್ಟ್-ಕೀ’ ವಿಧಾನವನ್ನು ಈಗ ಕೈಬಿಡಲಾಗಿದೆ. ಹಾಗೆ ಹಾಕಿದ ಕೀಲಿಯನ್ನು ನಿಮ್ಮ ಯಂತ್ರ ಎಲ್ಲ ಭಂಡಾರಗಳಿಗೂ ನಂಬಿಬಿಡುತ್ತದೆ. ಪ್ಯಾಕೇಜ್ ಹೆಸರು ‘ನಿಯೋ4ಜೆ’ ಎಂದಷ್ಟೇ ಕೊಡಿ, ಮುಂದೆ ‘ಎಂಟರ್‌ಪ್ರೈಸ್’ ಸೇರಿಸಬೇಡಿ.

ಮೊದಲ ಸಲ ಎಬ್ಬಿಸುವ ಮುಂಚೆಯೇ ‘ನಿಯೋ4ಜೆ-ಅಡ್ಮಿನ್’ ಮೂಲಕ ಆರಂಭಿಕ ಪಾಸ್‌ವರ್ಡ್ ಇಟ್ಟುಬಿಡಿ. ಬ್ರೌಸರಿಗೆ 7474, ಪ್ರೋಗ್ರಾಮ್‌ಗಳಿಗೆ 7687 ದ್ವಾರ (ಪೋರ್ಟ್). ನಾಲ್ಕು ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಆದರೆ ಸೆಟ್ಟಿಂಗ್ ಕಡತದಲ್ಲಿ ಹೀಪ್ ಮತ್ತು ಪೇಜ್ ಕ್ಯಾಶ್ ಎರಡಕ್ಕೂ ಮಿತಿ ಬರೆಯಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಅದಕ್ಕೆ ತಾನಾಗಿ ಬರುವುದಿಲ್ಲ. ಹೀಪ್ ಎಂದರೆ ಜಾವಾ ಪ್ರೋಗ್ರಾಮ್‌ನ ಕೆಲಸದ ಮೇಜು, ಪೇಜ್ ಕ್ಯಾಶ್ ಎಂದರೆ ಡಿಸ್ಕಿನಿಂದ ತಂದ ಪುಟಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಜಾಗ. 4ನೇ ಸರಣಿಯ ಪಾಠದಲ್ಲಿ ಈ ಸೆಟ್ಟಿಂಗ್‌ಗಳ ಹೆಸರು ‘ಡಿಬಿಎಂಎಸ್’ ಎಂದು ಶುರುವಾಗುತ್ತದೆ, 5ರಲ್ಲಿ ‘ಸರ್ವರ್’ ಎಂದು. ಹಳೆಯ ಸಾಲನ್ನು ಹೊಸ ಕಡತಕ್ಕೆ ಅಂಟಿಸಬೇಡಿ, ಹೊಸ ಹೆಸರನ್ನೇ ಬರೆಯಿರಿ.

ಸಮುದಾಯ ಆವೃತ್ತಿಯಲ್ಲಿ ನಿಮ್ಮದು ಎಂದು ಇಡಬಹುದಾದ ಡೇಟಾಬೇಸ್ ಒಂದೇ. ಬ್ಯಾಕಪ್‌ಗೆ ‘ಡಂಪ್’ ಆದೇಶ ಇದೆ, ಆದರೆ ಅದಕ್ಕಾಗಿ ಡೇಟಾಬೇಸ್ ನಿಲ್ಲಿಸಬೇಕು.

8. ಕಂಟೇನರ್ ದಾರಿ

ಎರಡು ವಾರದ ಪ್ರಯೋಗಕ್ಕೆ ನಿಯೋ4ಜೆ ಬೇಕಾದವರಿಗೆ ಏಳನೆಯ ಹಂತಕ್ಕಿಂತ ಇದೇ ಸುಲಭ. ಕಂಟೇನರ್ ಎಂದರೆ ತಂತ್ರಾಂಶವನ್ನು ಅದರ ಜಾವಾ, ಲೈಬ್ರರಿ ಸಮೇತ ಕಟ್ಟಿಟ್ಟ ಬುತ್ತಿ. ಕಂಟೇನರ್ ಓಡಿಸುವ ಪಾಡ್‌ಮನ್ ಎಂಬ ಸಾಧನ ಡೆಬಿಯನ್, ಉಬುಂಟು, ಫೆಡೋರಾ ಮೂರರ ಭಂಡಾರಗಳಲ್ಲೂ ಇದೆ. ಇಮೇಜ್‌ನ, ಅಂದರೆ ಇಳಿಸಿಕೊಳ್ಳುವ ಬುತ್ತಿಯ, ಹೆಸರನ್ನು ‘ಡಾಕರ್ ಡಾಟ್ ಐಒ’ದಿಂದ ಶುರು ಮಾಡಿ ಪೂರ್ತಿ ಬರೆಯಿರಿ. ದತ್ತಾಂಶದ ಕೋಶವನ್ನು ವಾಲ್ಯೂಮ್ ಆಗಿ ಹೊರಗೆ ಜೋಡಿಸಿ, ಇಲ್ಲದಿದ್ದರೆ ಕಂಟೇನರ್ ಅಳಿಸಿದ ದಿನ ನಿಮ್ಮ ಗ್ರಾಫೂ ಹೋಗುತ್ತದೆ. ಫೆಡೋರಾದಲ್ಲಿ ಆ ಜೋಡಣೆಯ ಕೊನೆಗೆ ದೊಡ್ಡಕ್ಷರದ ಝಡ್ ಸೇರಿಸದಿದ್ದರೆ ಎಸ್‌ಇಲಿನಕ್ಸ್ ಎಂಬ ಕಾವಲು ವ್ಯವಸ್ಥೆ ಬಾಗಿಲು ತೆಗೆಯುವುದಿಲ್ಲ.

ಪಾಡ್‌ಮನ್ ಬದಲು ಡಾಕರ್ ಬಳಸುವವರು ದ್ವಾರ ತೆರೆಯುವಾಗ ಸಂಖ್ಯೆಯ ಮುಂದೆ 127.0.0.1 (ನಿಮ್ಮ ಯಂತ್ರದ್ದೇ ವಿಳಾಸ) ಬರೆಯಲೇಬೇಕು. ಬರೆಯದಿದ್ದರೆ ಡಾಕರ್ ಉಬುಂಟುವಿನ ಯುಎಫ್‌ಡಬ್ಲ್ಯು ತಡೆಗೋಡೆಯನ್ನು ಲೆಕ್ಕಿಸದೆ ದಾಟಿಕೊಂಡು ಹೋಗುತ್ತದೆ. ಹಾಸ್ಟೆಲ್ ವೈಫೈನಲ್ಲಿರುವ ಪ್ರತಿಯೊಬ್ಬರಿಗೂ ನಿಮ್ಮ ಡೇಟಾಬೇಸ್‌ನ ಬಾಗಿಲು ಕಾಣುತ್ತದೆ.

9. ಆರ್‌ಡಿಎಫ್ ಕೇಳುವವರಿಗೆ

ಇದು ಗ್ರಾಫ್‌ನ ಇನ್ನೊಂದು ವಂಶ. ಪ್ರತಿಯೊಂದು ಸಂಗತಿಯನ್ನೂ ಕರ್ತೃ, ಕ್ರಿಯೆ, ಕರ್ಮ ಎಂಬ ಮೂರು ತುಂಡಿನ ವಾಕ್ಯವಾಗಿ ಇಡುತ್ತದೆ. ಕೇಳುವ ಭಾಷೆ ಸ್ಪಾರ್ಕಲ್. ವಿಚಿತ್ರವೆಂದರೆ ಭಂಡಾರಗಳಲ್ಲಿ ಇದಕ್ಕೇ ಹೆಚ್ಚು ನೆಲೆಯಿದೆ. ಪೈಥಾನ್‌ನ ಆರ್‌ಡಿಎಫ್‌ಲಿಬ್, ರೆಡ್‌ಲ್ಯಾಂಡ್ ಬಳಗದ ‘ರಾಪರ್’ ಮತ್ತು ‘ರೋಕೆಟ್’ ಸಾಧನಗಳು ಡೆಬಿಯನ್‌ನಲ್ಲಿ ಸಿದ್ಧವಾಗಿವೆ. ನಿಮ್ಮದು ಗ್ನೋಮ್ ಡೆಸ್ಕ್‌ಟಾಪ್ ಆದರೆ ಕಡತ ಹುಡುಕಾಟದ ಹಿಂದೆ ಕೆಲಸ ಮಾಡುತ್ತಿರುವ ಟ್ರ್ಯಾಕರ್ ಕೂಡ ಎಸ್‌ಕ್ಯೂಲೈಟ್ ಮೇಲೆ ಕಟ್ಟಿದ ಒಂದು ಆರ್‌ಡಿಎಫ್ ಡೇಟಾಬೇಸೇ. 2024ರಲ್ಲಿ ಅದಕ್ಕೆ ಟೈನಿಸ್ಪಾರ್ಕಲ್ ಎಂದು ಹೆಸರು ಬದಲಾಯಿತು. ಸರ್ವರ್ ಬೇಕಾದವರು ಅಪಾಚೆ ಜೆನಾ ಫುಸೆಕಿಯನ್ನು ಇಳಿಸಿ ಬಿಚ್ಚಿ ಓಡಿಸಬಹುದು, ದ್ವಾರ 3030. ಭಾಷೆಯನ್ನಷ್ಟೇ ಕಲಿಯುವುದಾದರೆ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. ವಿಕಿಡೇಟಾದ ಪ್ರಶ್ನಾ ಪುಟವನ್ನು ಬ್ರೌಸರಿನಲ್ಲಿ ತೆರೆದು, ಚಿತ್ರದುರ್ಗ ಜಿಲ್ಲೆಯೊಳಗೆ ಏನೇನಿದೆ ಎಂದು ಕನ್ನಡ ಹೆಸರುಗಳ ಸಮೇತ ಕೇಳಿ ನೋಡಿ.

ಇಷ್ಟಾದ ಮೇಲೂ ಸಿಕ್ಕಿಕೊಂಡರೆ ಕೇಳಿ, ಆದರೆ “ಓಡುತ್ತಿಲ್ಲ” ಎಂದಷ್ಟೇ ಬರೆಯಬೇಡಿ. ಡಿಸ್ಟ್ರೋದ ಆವೃತ್ತಿ, ಪೋಸ್ಟ್‌ಗ್ರೆಸ್ ಅಥವಾ ಜಾವಾದ ಸಂಖ್ಯೆ, ನೀವು ಕೊಟ್ಟ ಆದೇಶ, ಪರದೆಯ ಮೇಲೆ ಬಂದ ದೋಷದ ಸಾಲು, ಈ ನಾಲ್ಕನ್ನೂ ಹಾಗೆಯೇ ನಕಲು ಮಾಡಿ ಕಳಿಸಿ. ಪರದೆಯ ಫೋಟೊ ಬೇಡ, ಅಕ್ಷರಗಳಲ್ಲೇ ಇರಲಿ.